ಘಟ್ಟದಿಂದ ಕಡಲಿಗೆ

ಮಲೆನಾಡಿನ ತೀರ್ಥಹಳ್ಳಿಯಿಂದ ಆಗುಂಬೆ, ಉಡುಪಿ, ಕುಂದಾಪುರಗಳ ಮಾರ್ಗವಾಗಿ ಮರವಂತೆಯ ಕಡಲತೀರಕ್ಕೆ ಸುಮಾರು ೧೪೦ ಕಿಲೋಮೀಟರುಗಳ ದಾರಿ. ಕಾರಿನಲ್ಲಿ ಎಲ್ಲಿಯೂ ನಿಲ್ಲದೆ ಹೋದರೆ ನಾಲ್ಕು ಗಂಟೆಗಳೊಳಗೆ ಮುಗಿದುಹೋಗುತ್ತದೆ. ಅಲ್ಲಲ್ಲಿ ನಿಂತು, ಇಳಿದು, ನೋಡಿ ಹೋಗಬೇಕೆನ್ನುವವನಿಗೆ ಬೆಳಗಿನಿಂದ ಸಂಜೆಯವರೆಗೆ ಒಂದು ಹಗಲು ಪೂರ್ತಿಯಾಗಿ ಬೇಕು. ಒಂದೇ ಹಗಲಿನಲ್ಲಿ ಇಷ್ಟು ಬಗೆಯ ನೆಲವನ್ನು ತೋರಿಸುವ ದಾರಿಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ಹೊರಡುವಾಗ ತುಂಗೆಯ ದಂಡೆ, ಮುಟ್ಟುವಾಗ ಅರಬ್ಬೀ ಸಮುದ್ರದ ಮರಳು. ನಡುವೆ ದಟ್ಟವಾದ ಮಳೆಕಾಡು, ಕಡಿದಾದ ಘಟ್ಟ, ಮುರಕಲ್ಲಿನ ಗುಡ್ಡಗಳು, ಗದ್ದೆ ತೋಟಗಳು, ಅಗಲವಾದ ಅಳಿವೆಗಳು.

ನೋಡುತ್ತ ಹೋಗುವವನಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಚಿತ್ರಗಳಂತೆ ತೋರುತ್ತವೆ. ವಾಸ್ತವವಾಗಿ ಅವೆಲ್ಲವೂ ಒಂದೇ ಹೆಣಿಗೆಯ ಎಳೆಗಳು. ಘಟ್ಟದ ನೆತ್ತಿಯ ಮೇಲೆ ಸುರಿದ ಮಳೆ ಹೊಳೆಯಾಗಿ ಇಳಿಯುತ್ತದೆ. ಹೊಳೆ ಬೆಟ್ಟವನ್ನು ಸವೆಸಿ ಮಣ್ಣು ಮರಳುಗಳನ್ನು ಹೊತ್ತು ತರುತ್ತದೆ. ಕಡಲು ಆ ಮರಳನ್ನು ತೆಗೆದುಕೊಂಡು ದಡವನ್ನು ಕಟ್ಟುತ್ತದೆ. ಕರಾವಳಿಯ ಅಂಚಿನ ನೆಲ ಹೀಗೆ ವರ್ಷ ವರ್ಷವೂ ಕಟ್ಟಲ್ಪಡುತ್ತಿರುವ ನೆಲ. ಅದಕ್ಕಾಗಿಯೇ ಅದು ಕಳೆದುಹೋಗಲೂಬಹುದಾದ ನೆಲ. ಈ ಮಾತು ಮರವಂತೆಯನ್ನು ಮುಟ್ಟುವ ಹೊತ್ತಿಗೆ ಕಣ್ಣಿಗೇ ಕಾಣುತ್ತದೆ.

ಈ ಪ್ರಯಾಣಕ್ಕೆ ನವೆಂಬರಿನಿಂದ ಜನವರಿಯವರೆಗಿನ ಕಾಲ ಉತ್ತಮವಾದುದು. ಮಳೆ ಹಿಂದೆಗೆದು ಆಕಾಶ ತಿಳಿಯಾಗಿರುತ್ತದೆ. ಹೊಳೆಗಳಲ್ಲಿ ನೀರು ಇನ್ನೂ ಇರುತ್ತದೆ. ತೀರ್ಥಹಳ್ಳಿಯ ಸೀಮೆ ಕನ್ನಡ ಓದುಗರಿಗೆ ಅಪರಿಚಿತವಲ್ಲ. ಕುವೆಂಪು ಅವರು ಬಾಲ್ಯವನ್ನು ಕಳೆದ ಕುಪ್ಪಳಿ ಈ ತಾಲ್ಲೂಕಿನದು. ಅವರು ಕಂಡ ಅಡಕೆಯ ತೋಟಗಳೂ ಕಾಡಿನ ಅಂಚಿನ ಒಂಟಿ ಮನೆಗಳೂ ದಾರಿಯ ಎರಡೂ ಬದಿಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಸುಮಾರು ಮೂವತ್ತು ಕಿಲೋಮೀಟರು ಕಳೆಯುವ ಹೊತ್ತಿಗೆ ಗಾಳಿಯಲ್ಲಿ ತಂಪು ಹೆಚ್ಚುತ್ತದೆ, ಕಾಡು ರಸ್ತೆಯ ಮೇಲೆ ಬಾಗುತ್ತದೆ. ಅದೇ ಆಗುಂಬೆ.

ಆಗುಂಬೆ ಒಂದು ಸಣ್ಣ ಊರು. ಸಮುದ್ರಮಟ್ಟದಿಂದ ಸುಮಾರು ೬೫೦ ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯು ಪಡುವಣಕ್ಕೆ ಕುಸಿಯುವ ಅಂಚಿನಲ್ಲಿಯೇ ಇದೆ. ಶಂಕರನಾಗ್ ಅವರು 'ಮಾಲ್ಗುಡಿ ಡೇಸ್' ದೂರದರ್ಶನ ಧಾರಾವಾಹಿಯನ್ನು ಚಿತ್ರಿಸಿದ್ದು ಇಲ್ಲಿಯ ಬೀದಿಯಲ್ಲಿ. ಆದರೆ ಆಗುಂಬೆಯ ನಿಜವಾದ ಖ್ಯಾತಿ ಮಳೆಯದು. ಇಲ್ಲಿ ವರ್ಷಕ್ಕೆ ಸರಾಸರಿ ೭,೬೦೦ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ೧೯೪೬ರ ಆಗಸ್ಟ್ ಒಂದೇ ತಿಂಗಳಿನಲ್ಲಿ ೪,೫೦೮ ಮಿಲಿಮೀಟರ್ ಬಿದ್ದುದು ದಾಖಲೆಯಾಗಿದೆ. ಆ ತಿಂಗಳ ನೀರು ಇಂಗದೆ, ಹರಿಯದೆ ಬಿದ್ದಲ್ಲಿಯೇ ನಿಂತಿದ್ದರೆ ಎರಡು ಆಳೆತ್ತರವನ್ನು ಮೀರುತ್ತಿತ್ತು. ಚಿತ್ರದುರ್ಗದ ಬಯಲಿನಲ್ಲಿ ಇಡೀ ವರ್ಷಕ್ಕೆ ೬೦೦ ಮಿಲಿಮೀಟರ್ ಬಂದರೂ ರೈತನು ತೃಪ್ತಿಪಡುವನು ಎಂಬುದನ್ನು ನೆನೆದರೆ ಈ ಅಂಕಿಗಳ ಅರ್ಥ ತಿಳಿದೀತು. ಈಚಿನ ದಶಕಗಳಲ್ಲಿ ಹುಲಿಕಲ್, ಅಮಗಾಂವ್ ಮೊದಲಾದ ಕೇಂದ್ರಗಳು ಕೆಲವು ವರ್ಷ ಆಗುಂಬೆಯನ್ನು ಹಿಂದಿಕ್ಕಿವೆ. ಆದರೂ 'ದಕ್ಷಿಣದ ಚಿರಾಪುಂಜಿ' ಎಂಬ ಹೆಸರು ಆಗುಂಬೆಯನ್ನು ಬಿಟ್ಟುಹೋಗಿಲ್ಲ.

ಮಳೆ ಇಲ್ಲಿಯೇ ಇಷ್ಟೊಂದು ಸುರಿಯುವುದಕ್ಕೆ ಕಾರಣವು ಘಟ್ಟದ ಆಕಾರದಲ್ಲಿದೆ. ಮುಂಗಾರಿನ ಗಾಳಿ ಅರಬ್ಬೀ ಸಮುದ್ರದ ಮೇಲೆ ಸಾವಿರಾರು ಕಿಲೋಮೀಟರು ಚಲಿಸಿ ತೇವವನ್ನು ತುಂಬಿಕೊಂಡು ಬರುತ್ತದೆ. ದಡವನ್ನು ದಾಟಿದ ಮೇಲೆ ಸ್ವಲ್ಪ ದೂರ ಅದಕ್ಕೆ ಅಡ್ಡಿಯಿಲ್ಲ. ಆಮೇಲೆ ಒಮ್ಮೆಗೇ ಗೋಡೆಯಂತೆ ಎದ್ದ ಬೆಟ್ಟ ಎದುರಾಗುತ್ತದೆ. ಗಾಳಿಯು ಮೇಲಕ್ಕೇರಲೇಬೇಕು. ಏರಿದಂತೆ ಅದರ ಮೇಲಿನ ಒತ್ತಡ ಕಡಮೆಯಾಗಿ ಅದು ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಗೆ ಮೊದಲಿನಷ್ಟು ತೇವವನ್ನು ಹಿಡಿದಿಡುವ ಶಕ್ತಿಯಿರುವುದಿಲ್ಲ. ಹೆಚ್ಚಾದ ತೇವವೆಲ್ಲ ಮೋಡವಾಗಿ ಮಳೆಯಾಗಿ ಇಳಿಯುತ್ತದೆ. ಬೆಟ್ಟವನ್ನು ದಾಟಿ ಪೂರ್ವಕ್ಕೆ ಹೋಗುವ ಗಾಳಿ ಬಹುಮಟ್ಟಿಗೆ ಬರಿದಾದ ಗಾಳಿ. ಆದುದರಿಂದಲೇ ಆಗುಂಬೆಯಿಂದ ಮೂಡಲಿಗೆ ಹೋದಂತೆಲ್ಲ ಮಳೆ ಬೇಗಬೇಗನೆ ಇಳಿಮುಖವಾಗುತ್ತದೆ. ಮಳೆಗಾಲ ಬರುವ ಮೊದಲೇ ಇಲ್ಲಿನವರು ಜಗಲಿಯ ಹೊರಬದಿಗೆ ಅಡಕೆಯ ಸೋಗೆಯ ತಟ್ಟಿಯನ್ನು ಕಟ್ಟಿ, ಸೌದೆಯನ್ನು ಒಳಗೆ ಒಟ್ಟಿ, ನಾಲ್ಕು ತಿಂಗಳಿಗೆ ಸಿದ್ಧರಾಗುವುದು ಹಿಂದಿನಿಂದ ಬಂದ ಪದ್ಧತಿ.

ಇನ್ನೂ ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಆಗುಂಬೆಯ ಏಣು ಒಂದು ನೀರ್ಗಡಿ. ಏಣಿನ ಮೂಡಣ ಮಗ್ಗುಲಿಗೆ ಬಿದ್ದ ಹನಿ ಮಾಲತಿ ಹೊಳೆಯನ್ನು ಸೇರಿ, ತುಂಗೆಗೆ ಬಂದು, ತುಂಗಭದ್ರೆಯಾಗಿ ಕೃಷ್ಣೆಯಲ್ಲಿ ಬೆರೆತು, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಪಡುವಣ ಮಗ್ಗುಲಿಗೆ ಬಿದ್ದ ಹನಿ ಸೀತಾ ನದಿಯನ್ನು ಸೇರುತ್ತದೆ. ಅದಕ್ಕೆ ಕಡಲು, ನೇರ ಗೆರೆಯಲ್ಲಿ ಅಳೆದರೆ, ನಲವತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೆ. ಒಂದೇ ಮೋಡದ ನೀರಿಗೆ ಎರಡು ವಿಧಿಗಳು! ಪೂರ್ವಕ್ಕೆ ಹೋದ ನೀರು ದಾರಿಯುದ್ದಕ್ಕೂ ಅಣೆಕಟ್ಟುಗಳಲ್ಲಿ ನಿಂತು ಹೊಲಗದ್ದೆಗಳಿಗೆ ಉಣಿಸುತ್ತದೆ. ಪಶ್ಚಿಮಕ್ಕೆ ಹೋದುದು ಧಾವಿಸಿ ಕಡಲಿಗೆ ಬೀಳುತ್ತದೆ. ಉಡುಪಿಯ ಸೀಮೆಯಲ್ಲಿ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಬಿದ್ದರೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಕುಡಿಯುವ ನೀರಿಗೆ ಪರದಾಟವಾಗುವುದುಂಟು. ಉಡುಪಿ ನಗರಕ್ಕೆ ಸುವರ್ಣಾ ನದಿಯ ನೀರನ್ನು ಒದಗಿಸುವ ಬಜೆ ಅಣೆಕಟ್ಟು ಬೇಸಗೆಯ ಕೊನೆಗೆ ತಳ ಕಂಡ ವರ್ಷಗಳಿವೆ. ಮಳೆಯ ಮೊತ್ತವೊಂದರಿಂದಲೇ ನಾಡಿನ ಸಮೃದ್ಧಿಯನ್ನು ಅಳೆಯುವುದು ಆತುರದ ಲೆಕ್ಕವೆನ್ನಬೇಕು.

ಊರಿನಿಂದ ಸ್ವಲ್ಪ ಮುಂದೆ ಸೂರ್ಯಾಸ್ತವನ್ನು ನೋಡುವ ಕಟ್ಟೆಯಿದೆ. ಬೆಳಗಿನ ಹೊತ್ತಿನಲ್ಲಿ ಅಲ್ಲಿ ಜನಸಂದಣಿಯಿಲ್ಲ. ಕೆಳಗೆ ಕಣಿವೆಯ ತುಂಬ ಹಾಲು ಚೆಲ್ಲಿದಂತೆ ಮಂಜು. ಮಂಜು ಕರಗಿದಾಗ ಕಾಡಿನ ಹಸುರು, ಅದರಾಚೆ ಕರಾವಳಿಯ ಬಯಲು, ತಿಳಿಯಾದ ದಿನವಾದರೆ ದಿಗಂತದಲ್ಲಿ ಕಡಲಿನ ಬೆಳ್ಳಿಗೆರೆ. ಆಗುಂಬೆಯ ಸೂರ್ಯಾಸ್ತ ಪ್ರಸಿದ್ಧವಾದುದೇ ಸರಿ. ಆದರೆ ಮಂಜು ಕರಗುವ ಈ ಮುಂಜಾನೆಯ ನೋಟ ಅದಕ್ಕೇನೂ ಕಡಮೆಯಲ್ಲ.

ಘಟ್ಟದ ರಸ್ತೆ ಇಲ್ಲಿಂದ ಇಳಿಯುತ್ತದೆ. ಕಡಿದಾದ ತಿರುವುಗಳು ಹದಿನಾಲ್ಕು. ಒಂದೊಂದು ತಿರುವೂ ಎಷ್ಟು ಇಕ್ಕಟ್ಟೆಂದರೆ ಕೆಳಗಿನಿಂದ ಬರುವ ವಾಹನ ಮೊದಲು ಕಿವಿಗೆ ಕೇಳಿ ಆಮೇಲೆ ಕಣ್ಣಿಗೆ ಬೀಳುತ್ತದೆ. ಭಾರವಾದ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದು ಕೆಲವು ದಿನ ಸಂಚಾರವೇ ನಿಲ್ಲುವುದೂ ಉಂಟು. ಯಾವ ಗೇರಿನಲ್ಲಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಘಟ್ಟದ ಚಾಲಕರ ಪಾಠ. ಬ್ರೇಕನ್ನೇ ನೆಚ್ಚಿ ಇಳಿಯುವವನ ಬ್ರೇಕು ಕಾಯ್ದು ಸೋತುಹೋಗುತ್ತದೆ. ಕೆಳಗಿನ ಗೇರಿನಲ್ಲಿರುವ ಎಂಜಿನ್ನು ತಾನೇ ಗಾಡಿಯನ್ನು ಹಿಡಿದು ನಡೆಸುತ್ತದೆ. ಏರಿ ಬರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕು. ಕಾರಿನ ಗಾಜುಗಳನ್ನು ಇಳಿಸಿಕೊಂಡರೆ ಒಳ್ಳೆಯದು. ಗಾಜಿನ ಹಿಂದೆ ಕುಳಿತವನಿಗೆ ಘಟ್ಟವು ಬರಿಯ ಚಿತ್ರ. ಅದರ ಒದ್ದೆ ಎಲೆಯ ವಾಸನೆಯೂ ಜೀರುಂಡೆಯ ದನಿಯೂ ಅವನಿಗೆ ದಕ್ಕುವುದಿಲ್ಲ.

ಈ ಇಳಿಜಾರು ಸೋಮೇಶ್ವರ ವನ್ಯಜೀವಿಧಾಮಕ್ಕೆ ಸೇರಿದೆ. ಸಿಂಗಳೀಕ, ಕಾಳಿಂಗ ಸರ್ಪ, ಮಂಗಟ್ಟೆ ಹಕ್ಕಿಗಳ ನೆಲೆಯಿದು. ಕಾಳಿಂಗ ಸರ್ಪವೇ ಮೊದಲಾದ ಜೀವಿಗಳ ಅಧ್ಯಯನಕ್ಕಾಗಿ ರಾಮ್ಯುಲಸ್ ವಿಟೇಕರ್ ಅವರು ೨೦೦೫ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ತಿರುವುಗಳಲ್ಲಿ ಕಾಣುವ ಮಂಗಗಳಿಗೆ ಕೆಲವರು ಬಾಳೆಹಣ್ಣು ಬಿಸ್ಕತ್ತುಗಳನ್ನು ಎಸೆಯುತ್ತಾರೆ. ಅವರ ಮಟ್ಟಿಗೆ ಅದು ದಯೆ. ಆದರೆ ರಸ್ತೆಯ ತಿಂಡಿಗೆ ಅಭ್ಯಾಸವಾದ ಮಂಗ ಕಾಡನ್ನು ಬಿಟ್ಟು ರಸ್ತೆಯಲ್ಲಿಯೇ ಕುಳಿತು, ಒಂದಲ್ಲ ಒಂದು ದಿನ ಚಕ್ರದಡಿಗೆ ಸಿಕ್ಕುತ್ತದೆ.

ಈ ಹದಿನಾಲ್ಕು ತಿರುವುಗಳು ಹಿಂದೆ ಎರಡು ರಾಜ್ಯಗಳ ನಡುವಿನ ಗಡಿಯೂ ಆಗಿದ್ದವು. ೧೯೫೬ರ ನವೆಂಬರ್ ೧ರ ವರೆಗೆ ಘಟ್ಟದ ಮೇಲಿನದು ಮೈಸೂರು, ಕೆಳಗಿನ ದಕ್ಷಿಣ ಕನ್ನಡವು ಮದರಾಸಿಗೆ ಸೇರಿದುದು. ಆಡಳಿತ ಎರಡಾದರೂ ಬದುಕು ಎರಡಾಗಿರಲಿಲ್ಲ. ಮೇಲಿನವರಿಗೆ ಕೆಳಗಿನ ಉಪ್ಪು, ತೆಂಗಿನಕಾಯಿ, ಒಣಮೀನು ಬೇಕು. ಕೆಳಗಿನವರಿಗೆ ಮೇಲಿನ ಸರಕೂ ಬೇಕು, ಕೂಲಿಯೂ ಬೇಕು. ತಲೆಹೊರೆಯಲ್ಲಿಯೂ ಎತ್ತಿನ ಬೆನ್ನಿನ ಮೇಲೂ ಆ ವ್ಯಾಪಾರ ನಡೆಯುತ್ತಿತ್ತು. ಇಂದಿಗೂ ಈ ಕಡೆಯ ಮಾತಿನಲ್ಲಿ 'ಘಟ್ಟದ ಮೇಲಿನವರು', 'ಘಟ್ಟದ ಕೆಳಗಿನವರು' ಎಂಬ ಎರಡೇ ಜಾತಿಗಳು!

ಇಳಿಯುತ್ತಿರುವಾಗ ಕಿವಿ ಒಮ್ಮೆ ಗವ್ವೆನ್ನುತ್ತದೆ. ಉಗುಳು ನುಂಗಿದರೆ ಸರಿಹೋಗುತ್ತದೆ. ಮೇಲೆ ಹಿಗ್ಗಿದ್ದ ಗಾಳಿ ಕೆಳಗೆ ಮತ್ತೆ ಒತ್ತಿಕೊಂಡುದರ ಗುರುತು ಅದು. ಜೊತೆಗೇ ಸೆಕೆಯೂ ಹತ್ತುತ್ತದೆ. ಸೋಮೇಶ್ವರವನ್ನು ದಾಟಿ ಹೆಬ್ರಿಗೆ ಬರುವಷ್ಟರಲ್ಲಿ ಹೊದೆದುಕೊಂಡಿದ್ದ ಶಾಲನ್ನು ಮಡಿಚಿಡಬೇಕಾಗುತ್ತದೆ. ಕಾಡಿನ ನಡುವೆ ಸೀತಾ ನದಿ ಕಲ್ಲುಗುಂಡುಗಳ ಮೇಲೆ ಜಿಗಿಯುತ್ತ ಸಾಗುತ್ತದೆ. ನೀರು ಗಾಜಿನಂತೆ ತಿಳಿ. ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮಧ್ಯಾಹ್ನದ ಹೊತ್ತಿಗೆ ಇದೇ ನದಿಯನ್ನು ಇನ್ನೊಂದು ವೇಷದಲ್ಲಿ ನೋಡಲಿಕ್ಕಿದೆ.

ಹೆಬ್ರಿಯಿಂದ ಪೆರ್ಡೂರು, ಹಿರಿಯಡ್ಕಗಳ ಮೂಲಕ ಮಣಿಪಾಲಕ್ಕೆ ಹೋಗುವ ದಾರಿ ಮುರಕಲ್ಲಿನ ಗುಡ್ಡಗಳದು. ರಸ್ತೆಗಾಗಿ ಕಡಿದಲ್ಲೆಲ್ಲ ನೆಲ ಹಸಿಗಾಯದಂತೆ ಕೆಂಪಾಗಿ ಕಾಣುತ್ತದೆ. ಇದೂ ಮಳೆಯ ಕೆಲಸವೇ. ಲಕ್ಷಾಂತರ ವರ್ಷ ಬಿದ್ದ ಮಳೆಯು ಬಂಡೆಯೊಳಗಿನ ಕರಗುವ ಅಂಶಗಳನ್ನೆಲ್ಲ ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಮ್‌ಗಳ ಆಕ್ಸೈಡುಗಳನ್ನು ಹಿಂದೆ ಉಳಿಸಿದೆ. ಕಬ್ಬಿಣದ ತುಕ್ಕೇ ಕಲ್ಲಿನ ಕೆಂಪು. ಆಗತಾನೆ ಅಗೆದಾಗ ಮೆದುವಾಗಿದ್ದು, ಕತ್ತಿಯಿಂದಲೂ ಕೆತ್ತಬಹುದಾದ ಈ ಕಲ್ಲು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುತ್ತದೆ. ೧೮೦೦–೦೧ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಇದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟನು. ವಿಜ್ಞಾನವು ಇಂದಿಗೂ ಬಳಸುತ್ತಿರುವುದು ಆ ಹೆಸರನ್ನೇ. ಕರಾವಳಿಯ ಹಳೆಯ ಮನೆಗಳ ಗೋಡೆ ಈ ಕಲ್ಲಿನದು, ಮಾಡು ಮಂಗಳೂರು ಹೆಂಚಿನದು. ೧೮೬೫ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದ ಹೆಂಚಿನ ಉದ್ಯಮದ ಕೊಡುಗೆ ಅದು. ಮಣಿಪಾಲದ ಗುಡ್ಡವೂ ಇಂಥದೇ ಬೋಳುಗುಡ್ಡವಾಗಿತ್ತು. ೧೯೫೩ರಲ್ಲಿ ಟಿ. ಎಂ. ಎ. ಪೈ ಅವರು ಅಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಅದರ ಚಹರೆಯೇ ಬದಲಾಯಿತು.

ಉಡುಪಿಯ ಕೃಷ್ಣಮಠ, ಕನಕನ ಕಿಂಡಿ, ರಥಬೀದಿಗಳನ್ನು ಕುರಿತು ಹೆಚ್ಚು ಹೇಳಬೇಕಾದ ಅಗತ್ಯವಿಲ್ಲ. ಅವುಗಳಿಗೆಂದೇ ಬೇರೊಂದು ದಿನವನ್ನು ಮೀಸಲಿಡುವುದು ಯೋಗ್ಯ. ದಿನದ ಪ್ರಯಾಣಿಕನು ಉಪಾಹಾರವನ್ನು ಮುಗಿಸಿ ಆರು ಕಿಲೋಮೀಟರು ದೂರದ ಮಲ್ಪೆಯ ಬಂದರಿಗೆ ಹೊರಡುತ್ತಾನೆ.

ಮಲ್ಪೆ ದೊಡ್ಡ ಮೀನುಗಾರಿಕಾ ಬಂದರು. ಬೆಳಗಿನಲ್ಲಿ ಇಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಬಂಗುಡೆ, ಬೂತಾಯಿಗಳ ರಾಶಿ, ಮಂಜುಗಡ್ಡೆಯ ಬುಟ್ಟಿಗಳು, ಏಲಂ ಕೂಗುವವರ ದನಿ, ಬುಟ್ಟಿ ಹಿಡಿದ ಹೆಂಗಸರ ಚೌಕಾಸಿ. ಒಂದು ಕಾಲದಲ್ಲಿ ಈ ತೀರದ ಮೀನುಗಾರಿಕೆ ರಂಪಣಿ ಬಲೆಯದಾಗಿತ್ತು. ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟ ಭಾರಿ ಬಲೆಯನ್ನು ದಡದ ಮೇಲೆ ಎರಡು ಸಾಲಾಗಿ ನಿಂತ ಹತ್ತಾರು ಜನ ಎಳೆಯುತ್ತಿದ್ದರು. ಬಂದ ಮೀನನ್ನು ಪಾಲು ಹಂಚಿಕೊಳ್ಳುತ್ತಿದ್ದರು. ೧೯೭೦ರ ದಶಕದ ಮಧ್ಯದಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಬಂದು, ಮೀನು ದಡಕ್ಕೆ ಬರುವ ಮೊದಲೇ ನಡುಗಡಲಿನಲ್ಲಿ ಹಿಡಿಯುವುದು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗುಂಪಾಯಿತು. ಮೊಟ್ಟೆಯಿಡುವ ಕಾಲದಲ್ಲಿ ಮೀನಿಗೆ ಬಿಡುವು ಸಿಗಲೆಂದು ಈಗ ಜೂನ್ ೧ರಿಂದ ಜುಲೈ ೩೧ರ ವರೆಗೆ, ಅರವತ್ತೊಂದು ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ.

ಮಲ್ಪೆಯ ಎದುರಿಗೆ ಕಡಲಿನಲ್ಲಿ ಸೈಂಟ್ ಮೇರಿ ದ್ವೀಪಗಳಿವೆ. ತುಳುವಿನಲ್ಲಿ ತೋನ್ಸೆಪಾರ್ ಎಂದು ಹೆಸರು. ಕಾರನ್ನು ದಡದಲ್ಲಿ ಬಿಟ್ಟು ದೋಣಿಯಲ್ಲಿ ಹೋಗಿಬರಬೇಕು, ಮಳೆಗಾಲದಲ್ಲಿ ದೋಣಿಯಿಲ್ಲ. ೧೪೯೮ರಲ್ಲಿ ವಾಸ್ಕೊ ಡ ಗಾಮನು ಇಲ್ಲಿ ಇಳಿದು ಮೇರಿಯ ಹೆಸರಿಟ್ಟನೆಂಬ ಹೇಳಿಕೆಯಿದೆ. ಆದರೆ ದ್ವೀಪದ ಕಲ್ಲುಗಳ ಎದುರಿಗೆ ಐನೂರು ವರ್ಷ ಒಂದು ಲೆಕ್ಕವೇ ಅಲ್ಲ. ಯಾರೋ ಅಚ್ಚುಕಟ್ಟಾಗಿ ಕಡಿದು ಒಟ್ಟಿಗೆ ನಿಲ್ಲಿಸಿದಂತಿರುವ ಕಲ್ಲಿನ ಕಂಬಗಳು. ಬಹುಪಾಲು ಐದು, ಆರು ಮುಖಗಳವು. ಸುಮಾರು ೮.೮ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಇವು ಆದುವು. ಬೇಸಗೆಯಲ್ಲಿ ಕೆರೆಯ ತಳದ ಕೆಸರು ಒಣಗಿ ಕುಗ್ಗಿದಾಗ ಬಹುಕೋನಗಳಾಗಿ ಬಿರಿಯುವುದನ್ನು ಎಲ್ಲರೂ ಕಂಡಿರುತ್ತಾರೆ. ಕೆಸರು ಒಣಗಿ ಕುಗ್ಗಿದರೆ ಲಾವಾ ತಣಿದು ಕುಗ್ಗಿತು. ಬಿರುಕು ಮೇಲ್ಮೈಯಲ್ಲಿ ಹುಟ್ಟಿ, ತಂಪು ಒಳಗಿಳಿದಂತೆ ತಾನೂ ಆಳಕ್ಕಿಳಿದುದರಿಂದ ಕೋನಗಳು ಕಂಬಗಳಾದುವು. ಇದನ್ನು ಬಸಾಲ್ಟ್ ಎಂದು ಕರೆಯುವುದು ರೂಢಿ. ಪರೀಕ್ಷೆಯಿಂದ ತಿಳಿದಂತೆ ಇದು ಸಿಲಿಕದ ಅಂಶ ಹೆಚ್ಚಾಗಿರುವ ಡೇಸೈಟ್, ರಯೋಲೈಟ್ ಜಾತಿಯ ಕಲ್ಲು. ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರೆಯಾಗಿ ದೂರ ಸರಿಯತೊಡಗಿದ ಕಾಲದ ಸ್ಫೋಟಗಳಿಗೆ ಈ ಕಲ್ಲು ಸಾಕ್ಷಿ ಎಂಬುದು ಭೂವಿಜ್ಞಾನಿಗಳ ಮತ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕಂಬಗಳ ಮೇಲೆ ಹೆಸರು ಗೀಚಿ ಹೋಗುವವರಿಗೆ ಇಷ್ಟೆಲ್ಲ ತಿಳಿದಿದ್ದರೆ ಕೈ ಹಿಂದೆಗೆಯುತ್ತಿತ್ತೇನೊ.

ಮಲ್ಪೆಯಿಂದ ಉಡುಪಿಗೆ ಮರಳಿ ರಾಷ್ಟ್ರೀಯ ಹೆದ್ದಾರಿ ೬೬ನ್ನು ಹಿಡಿದು ಬಡಗಲಿಗೆ ತಿರುಗಬೇಕು. ಕಲ್ಯಾಣಪುರದ ಬಳಿ ಸುವರ್ಣಾ ನದಿ. ಬ್ರಹ್ಮಾವರವನ್ನು ದಾಟಿದರೆ ಮಾಬುಕಳದ ಸೇತುವೆ. ಅದರ ಕೆಳಗೆ ಹರಿಯುವುದು, ಅಲ್ಲ, ಹರಿಯದೆ ನಿಂತಂತಿರುವುದು, ಬೆಳಗ್ಗೆ ಹೆಬ್ರಿಯ ಬಳಿ ಜಿಗಿಯುತ್ತಿದ್ದ ಅದೇ ಸೀತಾ ನದಿ. ಈಗ ಅದು ಅಗಲವಾಗಿ, ಮಂದವಾಗಿ, ಉಪ್ಪಾಗಿದೆ. ಭರತ ಬಂದಾಗ ಕಡಲಿನ ನೀರು ನದಿಯೊಳಕ್ಕೆ ಏರುತ್ತದೆ. ಇಳಿತದಲ್ಲಿ ಹಿಂದೆ ಸರಿಯುತ್ತದೆ. ದಡದಲ್ಲಿ ಉಪ್ಪುನೀರಿನಲ್ಲಿಯೂ ಬೇರೂರಿ ನಿಲ್ಲಬಲ್ಲ ಕಾಂಡ್ಲಾ ಗಿಡಗಳು, ನಡುವೆ ಕುದ್ರುಗಳೆಂದು ಕರೆಯುವ ನಡುಗಡ್ಡೆಗಳು. ಉಪ್ಪು ಗದ್ದೆಗೆ ನುಗ್ಗದಿರಲೆಂದು ಹೊಳೆತೋಡುಗಳಿಗೆ ಕಿಂಡಿ ಅಣೆಕಟ್ಟುಗಳನ್ನು ಕಟ್ಟುವುದುಂಟು: ಮಳೆಗಾಲದಲ್ಲಿ ಹಲಗೆ ತೆಗೆದರೆ ನೆರೆ ಹೊರಗೆ, ಬೇಸಗೆಯಲ್ಲಿ ಹಲಗೆ ಹಾಕಿದರೆ ಸಿಹಿನೀರು ಒಳಗೆ. ಸೀತಾ, ಸುವರ್ಣಾ ಎರಡೂ ಕೂಡಿ ಕೋಡಿಬೆಂಗ್ರೆಯ ಬಳಿ ಕಡಲನ್ನು ಸೇರುತ್ತವೆ. ಬೆಂಗ್ರೆ ಎಂದರೆ ನದಿಗೂ ಕಡಲಿಗೂ ನಡುವೆ ಚಾಚಿದ ಮರಳಿನ ನಾಲಗೆ. ಹೊಳೆ ತಂದ ಮರಳನ್ನು ಕಡಲು ಹಿಂದಕ್ಕೆ ನೂಕಿ ಕಟ್ಟಿದ ನೆಲ ಅದು.

ಈ ನದಿಗಳನ್ನು ದಾಟುವಷ್ಟರಲ್ಲಿ ತುಳು ಹಿಂದೆ ಉಳಿದು ಕುಂದಾಪುರದ ಕನ್ನಡ ಕಿವಿಗೆ ಬೀಳತೊಡಗುತ್ತದೆ. 'ಹ್ವಾಯ್' ಎಂದು ಕರೆದು, ಶಬ್ದಗಳನ್ನು ಮೊಟಕು ಮಾಡಿ ಆಡುವ ಕನ್ನಡ ಇದು; 'ಬರುತ್ತೇನೆ' ಎಂಬುದು 'ಬತ್ತೆ' ಆಗುತ್ತದೆ. ಸಾಲಿಗ್ರಾಮದ ಬಳಿಯ ಕೋಟ ಶಿವರಾಮ ಕಾರಂತರ ಹುಟ್ಟೂರು. ಅವರ 'ಮರಳಿ ಮಣ್ಣಿಗೆ' ಕಾದಂಬರಿಯ ಜನ ಬದುಕುವುದು ಇಲ್ಲಿಯ ಕಡಲಂಚಿನ ಮರಳಿನ ಮೇಲೆಯೇ. ಬೆಳಗ್ಗೆ ಕುವೆಂಪು ಅವರ ಕಾಡು, ಮಧ್ಯಾಹ್ನ ಕಾರಂತರ ಕಡಲು.

ಕುಂದಾಪುರದಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ. ವಾರಾಹಿಯ ದಂಡೆಯ ಬಸರೂರು ಹಿಂದಿನ ಕಾಲದ ಹೆಸರಾಂತ ರೇವುಪಟ್ಟಣ. ೧೬೬೫ರಲ್ಲಿ ಶಿವಾಜಿಯು ಕಡಲಮಾರ್ಗವಾಗಿ ಬಂದು ಅದನ್ನು ಸೂರೆಗೊಂಡನು. ಸೂರೆಗೆ ಯೋಗ್ಯವಾದಷ್ಟು ಸಂಪತ್ತು ಅಲ್ಲಿ ಇದ್ದಿತು. ಇಂದು ಅದೊಂದು ಪ್ರಶಾಂತವಾದ ಹಳ್ಳಿ.

ಕುಂದಾಪುರದ ಸೇತುವೆಗಳನ್ನು ದಾಟಿ, ಹೆಮ್ಮಾಡಿ, ತ್ರಾಸಿಗಳನ್ನು ಕಳೆದರೆ ಮರವಂತೆ. ಒಂದು ತಿರುವಿನಲ್ಲಿ ತೆಂಗಿನ ಮರಗಳ ಮರೆ ಸರಿದು ಎಡಕ್ಕೆ ಕಡಲು ತೆರೆದುಕೊಳ್ಳುತ್ತದೆ. ಬಲಕ್ಕೆ ತಿರುಗಿ ನೋಡಿದರೆ ನದಿ. ಕೊಡಚಾದ್ರಿಯ ಕಡೆಯಿಂದ ಕೊಲ್ಲೂರಿನ ಮೂಲಕ ಇಳಿದುಬಂದ ಸೌಪರ್ಣಿಕೆ ಅದು. ನಡುವೆ ಹೆದ್ದಾರಿ. ಎಡಗಡೆ ಅಲೆಗಳ ಮೊರೆತ, ಬಲಗಡೆ ಅಲುಗದ ನೀರಿನಲ್ಲಿ ತೆಂಗಿನ ನೆರಳು, ಅದರ ಹಿಂದೆ ನೀಲಿಯಾಗಿ ಕೊಡಚಾದ್ರಿಯ ಸಾಲು. ಕಡಲಿಗೆ ಮುಖಮಾಡಿದ ವರಾಹಸ್ವಾಮಿಯ ದೇವಾಲಯ, ಜನರ ಬಾಯಲ್ಲಿ ಮಾರಸ್ವಾಮಿ, ನದಿಯ ದಂಡೆಯಲ್ಲಿದೆ. ಕಡಲನ್ನು ಇನ್ನೇನು ಮುಟ್ಟಬೇಕೆನ್ನುವಷ್ಟು ಹತ್ತಿರಕ್ಕೆ ಬಂದ ನದಿ ಇಲ್ಲಿ ತೆಂಕಲಿಗೆ ಹೊರಳಿ, ಕಡಲಿನ ಪಕ್ಕದಲ್ಲಿಯೇ ಹತ್ತು ಕಿಲೋಮೀಟರಿನಷ್ಟು ದೂರ ನಡೆದು ಗಂಗೊಳ್ಳಿಯಲ್ಲಿ ಅದನ್ನು ಕೂಡುತ್ತದೆ.

ಹೊಸಬರು ಕೇಳುವ ಪ್ರಶ್ನೆ 'ನದಿ ಏಕೆ ತಿರುಗಿತು?' ಎಂಬುದು. ನದಿಗೆ ಅಡ್ಡವಾಗಿ ಬಂಡೆಯೇನೂ ಇಲ್ಲ, ಇರುವುದು ಮರಳು. ಅಲೆಗಳು ದಡಕ್ಕೆ ನೇರವಾಗಿ ಬಡಿಯುವುದು ಅಪರೂಪ. ಸಾಮಾನ್ಯವಾಗಿ ಓರೆಯಾಗಿ ಬರುತ್ತವೆ. ಓರೆಯಾಗಿ ಏರಿದ ಅಲೆ ಮರಳನ್ನು ಓರೆಯಾಗಿ ತಂದು, ನೇರವಾಗಿ ಹಿಂದೆ ಇಳಿಯುತ್ತದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಮರಳು ತೀರದ ಉದ್ದಕ್ಕೂ ಸಾಗುತ್ತದೆ. ನದಿಗಳು ತಂದು ಸುರಿದ ಮರಳು ಈ ಸಾಗಣೆಗೆ ಸಿಕ್ಕಿ ಅಳಿವೆಯ ಬಾಯಿಗೆ ಅಡ್ಡವಾಗಿ ದಿಬ್ಬವಾಗಿ ಬೆಳೆಯುತ್ತದೆ. ನದಿಯು ದಿಬ್ಬದ ಹಿಂದೆ ದಾರಿ ಹುಡುಕುತ್ತ ದೂರ ನಡೆಯಬೇಕಾಗುತ್ತದೆ. ಮುಂಗಾರಿನ ರಭಸದ ಅಲೆಗಳು ದಡದ ಮರಳನ್ನು ಕಿತ್ತು ಸ್ವಲ್ಪ ಆಳದಲ್ಲಿ ಒಟ್ಟುತ್ತವೆ. ಮಳೆ ಹೋದ ಮೇಲೆ ಬರುವ ಸೌಮ್ಯವಾದ ಅಲೆಗಳು ಅದನ್ನೇ ಮೆಲ್ಲಗೆ ಹಿಂದಕ್ಕೆ ತರುತ್ತವೆ. ಆಷಾಢದಲ್ಲಿ ಕಿರಿದಾದ ದಡ ಬೇಸಗೆಯ ಹೊತ್ತಿಗೆ ಮತ್ತೆ ಅಗಲವಾಗುವುದನ್ನು ಮೀನುಗಾರರು ತಲೆಮಾರುಗಳಿಂದ ಕಂಡಿದ್ದಾರೆ.

ಕೊಟ್ಟುಕೊಳ್ಳುವ ಈ ವ್ಯವಹಾರ ಸರಿದೂಗುವವರೆಗೆ ದಡಕ್ಕೆ ಭಯವಿಲ್ಲ. ಆದರೆ ನದಿಯ ಪಾತ್ರದಿಂದ ಮನೆ, ಸೇತುವೆಗಳಿಗಾಗಿ ಮರಳನ್ನು ತೆಗೆದರೆ, ಅಣೆಕಟ್ಟಿನ ಹಿಂದೆ ಹೂಳಾಗಿ ಅದು ನಿಂತುಬಿಟ್ಟರೆ, ಕಡಲಿಗೆ ಬರುವ ಪಾಲು ಕಡಮೆಯಾಗುತ್ತದೆ. ಕಡಲು ತನ್ನ ಲೆಕ್ಕವನ್ನು ದಡದಿಂದ ತುಂಬಿಸಿಕೊಳ್ಳುತ್ತದೆ. ಅದನ್ನೇ ಜನ ಕಡಲ್ಕೊರೆತವೆನ್ನುತ್ತಾರೆ. ಸಮುದ್ರದ ಮಟ್ಟವೂ ನಿಧಾನವಾಗಿ ಏರುತ್ತಿರುವುದರಿಂದ ಅಪಾಯ ಇಮ್ಮಡಿಸಿದೆ. ೨೦೨೧ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಈ ತೀರದ ಪಕ್ಕದಲ್ಲಿ ಹಾದುಹೋದಾಗ ಉಡುಪಿ ಜಿಲ್ಲೆಯ ಕಡಲಂಚಿನ ರಸ್ತೆಗಳೂ ಮನೆಗಳೂ ಹಾನಿಗೊಂಡವು. ಮರವಂತೆಯಲ್ಲಿ ಹೆದ್ದಾರಿಯ ಎಡಮಗ್ಗುಲಿಗೆ ಸುರಿದ ಭಾರಿ ಬಂಡೆಗಳೂ, ಕಡಲಿನೊಳಕ್ಕೆ ಚಾಚಿದ 'ಟಿ' ಆಕಾರದ ಅಡ್ಡಗೋಡೆಗಳೂ ಈ ಕೊರೆತವನ್ನು ತಡೆಯುವುದಕ್ಕಾಗಿ ಬಂದವು.

ಗೋಡೆಯ ಪ್ರಶ್ನೆ ಸುಲಭವಾದುದಲ್ಲ. ಅಡ್ಡಗೋಡೆಯು ತೀರದ ಉದ್ದಕ್ಕೂ ಸಾಗುವ ಮರಳನ್ನು ತನ್ನ ಒಂದು ಮಗ್ಗುಲಿಗೆ ಹಿಡಿದು ನಿಲ್ಲಿಸುತ್ತದೆ; ಅಲ್ಲಿ ದಡ ಬೆಳೆಯುತ್ತದೆ. ಆದರೆ ಆ ಮರಳು ಮುಂದಿನ ಊರಿಗೆ ಹೋಗಬೇಕಾಗಿದ್ದ ಮರಳು. ಒಂದೂರಿನ ದಡ ಉಳಿದರೆ ಮುಂದಿನೂರಿನದು ಕರಗುವ ಸಂಭವವುಂಟು. ದಡದ ಉದ್ದಕ್ಕೂ ಬಂಡೆ ಸುರಿದರೆ ಅಲೆಯ ಹೊಡೆತ ಬಂಡೆಯ ಬುಡದ ಮರಳನ್ನು ತೋಡುತ್ತದೆ. ಮೀನುಗಾರನ ಸಂಕಟವೂ ಇದೇ. ಮನೆಯನ್ನು ಉಳಿಸಿಕೊಳ್ಳಲು ಅವನಿಗೆ ಗೋಡೆ ಬೇಕು. ನಾಡದೋಣಿಯನ್ನು ಎಳೆದು ಏರಿಸಲು, ಬಲೆಯನ್ನು ಹರವಿ ಒಣಗಿಸಲು ಮರಳಿನ ದಡವೇ ಬೇಕು. ಗೋಡೆ ಬೇಡವೆಂದು ದೂರದ ಊರಿನಲ್ಲಿ ಕುಳಿತು ಹೇಳುವುದು ಸುಲಭ. ಆಷಾಢದ ರಾತ್ರಿ ಅಲೆಯ ನೀರು ಹೊಸ್ತಿಲಿಗೆ ಬಂದವನಿಗೆ ಹಾಗೆನ್ನುವುದು ಸಾಧ್ಯವಿಲ್ಲ. ಆದರೂ ಗೋಡೆಯೊಂದನ್ನೇ ಕಟ್ಟಿ, ಮೇಲಿನ ನದಿಯಲ್ಲಿ ನಡೆಯುವುದನ್ನು ನೋಡದಿದ್ದರೆ, ಗೋಡೆಯನ್ನು ಮತ್ತೆ ಮತ್ತೆ ಕಟ್ಟುತ್ತಲೇ ಇರಬೇಕಾದೀತು. ಹೊಸ್ತಿಲಿನ ಮುಂದಿನ ಮರಳು ಹುಟ್ಟುವುದು ಕೊಡಚಾದ್ರಿಯ ಇಳಿಜಾರಿನಲ್ಲಿ.

ಸಂಜೆ ಐದರ ಮೇಲೆ ಇಲ್ಲಿ ಕಾರುಗಳು ಸಾಲುಗಟ್ಟುತ್ತವೆ. ವಾಹನವನ್ನು ಹೆದ್ದಾರಿಯಿಂದ ಪೂರ್ತಿಯಾಗಿ ಬದಿಗೆ ಸರಿಸಿ ನಿಲ್ಲಿಸಬೇಕು. ಬಂಡೆಗಳ ಮೇಲಿಂದ ನೀರಿಗೆ ಇಳಿಯಬಾರದು. ಇಲ್ಲಿನ ದಡ ಕಡಿದು, ಸೆಳೆತ ಬಲವಾದುದು. ಸೂರ್ಯನು ಕಡಲನ್ನು ಮುಟ್ಟುವ ಹೊತ್ತಿಗೆ ಪಡುವಣದ ನೀರೆಲ್ಲ ಕೆಂಪಾಗಿ ಕದಡುತ್ತದೆ. ಬೆನ್ನ ಹಿಂದಿನ ನದಿಯ ಮೇಲೆ ಅದೇ ಬಣ್ಣ ಸ್ವಲ್ಪ ತಡವಾಗಿ, ಸ್ವಲ್ಪ ಮೆದುವಾಗಿ ಬಂದು ಕೂರುತ್ತದೆ.

ಮರಳುವ ದಾರಿ ಬೇರೆ. ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಗಳ ಮೂಲಕ ಬಾಳೆಬರೆ ಘಟ್ಟವನ್ನು ಏರಿ, ಮಾಸ್ತಿಕಟ್ಟೆಯಿಂದ ತೀರ್ಥಹಳ್ಳಿಗೆ ಹೋಗಬಹುದು. ವಾರಾಹಿಯ ನೀರು ಹೊಸಂಗಡಿಯ ಬಳಿ ನೆಲದೊಳಗಿನ ವಿದ್ಯುದಾಗಾರದಲ್ಲಿ ೪೬೦ ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುತ್ತದೆ. ಕತ್ತಲೆಯಲ್ಲಿ ಅದರ ದೀಪಗಳಷ್ಟೇ ಕಾಣುತ್ತವೆ. ಅಲ್ಲಿಂದ ಮೇಲೆ ಮತ್ತೆ ತಿರುವುಗಳು, ಮತ್ತೆ ಕಾಡು. ಅರ್ಧ ಘಟ್ಟ ಏರುವಷ್ಟರಲ್ಲಿ ಮಡಿಚಿಟ್ಟಿದ್ದ ಶಾಲು ಮತ್ತೆ ಬೇಕಾಗುತ್ತದೆ.